ಎಲ್ಫ್‌ಗಳ ಕೈಗೆ ಸಂತೆಕಲ್ಲೂರಿನ ಖಡ್ಗ

ಎಲ್ಫ್‌ಗಳ ಕತ್ತಿಯನ್ನು ನಾನು ಮೊದಲು ನೋಡಿದ್ದು ಲಿಂಗಸುಗೂರಿನಲ್ಲಿ, ಅಣ್ಣನ ಮನೆಯ ಪಡಸಾಲೆಯಲ್ಲಿ, ಮಂಡಾಳು ಒಗ್ಗರಣೆ ತಿನ್ನುತ್ತ ಕುಳಿತಿದ್ದಾಗ. ಆ ದಿನದ ತಾರೀಖನ್ನು ಇಲ್ಲಿ ಬರೆದಿಲ್ಲ. ಅಣ್ಣ ಅದು ಶ್ರಾವಣದ ಮಾತು ಎನ್ನುತ್ತಾನೆ. ಗಣಪತಿ ಹಬ್ಬದ ಬ್ಯಾನರ್‌ಗಳ ಗದ್ದಲ ಆಗಲೇ ಮುಗಿದಿತ್ತು ಎಂದು ಅವನ ಮಗಳು ಹೇಳುತ್ತಾಳೆ. ಎರಡು ಸಾಕ್ಷ್ಯಗಳು ಹೊಂದದ ತಾರೀಖನ್ನು ಬರೆಯದಿರುವುದು ನನ್ನ ಹಳೆಯ ರೂಢಿ.

ಬ್ಯಾನರ್ ಎಂದದ್ದಕ್ಕೆ ಕಾರಣವಿದೆ. ಅಣ್ಣನ ಈ ಕಿರಿಯ ಮಗಳು ಕಲಬುರಗಿಯಲ್ಲಿ ಚಿತ್ರಕಲೆ ಕಲಿತು ಬಂದವಳು. ಆದರೆ ಅವಳಿಗೆ ಸಿಕ್ಕಿದ್ದು ಬಸ್ ನಿಲ್ದಾಣದ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯ ಕೆಲಸ. ಮುಖಂಡರ ಹುಟ್ಟುಹಬ್ಬಕ್ಕೆ, ಮದುವೆಗೆ, ಶ್ರದ್ಧಾಂಜಲಿಗೆ ದಿನವಿಡೀ ಜನರ ಮುಖಗಳನ್ನು ಕತ್ತರಿಸಿ ಸಾಲಾಗಿ ಜೋಡಿಸುವುದು, ಎಲ್ಲರ ಮೈಬಣ್ಣವನ್ನು ಒಂದಿಷ್ಟು ತಿಳಿಗೊಳಿಸುವುದು. ಅದನ್ನು ಅವಳು ದೂರುತ್ತಿರಲಿಲ್ಲ. ಆದರೆ ಅಂಗಡಿಯಿಂದ ಬಂದ ಮೇಲೆ ಬಹಳ ಹೊತ್ತು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅಂಥವಳಿಗೆ ಕಂಪ್ಯೂಟರ್ ಆಟಗಳನ್ನು ಮಾಡುವ ಒಂದು ಕಂಪನಿ ಪರೀಕ್ಷೆಯ ಕೆಲಸವೊಂದನ್ನು ಕೊಟ್ಟಿತ್ತು. ಕಾಡಿನಲ್ಲಿ ವಾಸಿಸುವ, ಚೂಪು ಕಿವಿಯ, ಬಹುಕಾಲ ಬದುಕುವ ಎಲ್ಫ್ ಎಂಬ ಕಾಲ್ಪನಿಕ ಜನರಿಗೆ ಅವಳು ಕೆಲವು ಕತ್ತಿಗಳನ್ನು ಬರೆದುಕೊಡಬೇಕು. ಒಪ್ಪಿಗೆಯಾದರೆ ಮನೆಯಲ್ಲೇ ಕುಳಿತು ಮಾಡುವ ಕಾಯಂ ಕೆಲಸ. ಒಪ್ಪಿಗೆಯಾಗದಿದ್ದರೆ ಮತ್ತೆ ಮುಖಂಡರ ಮುಖಗಳು.

ಕಂಪನಿಯ ಷರತ್ತು ಒಂದೇ. ಪ್ರತಿ ಕತ್ತಿಯ ಜೊತೆಗೂ ಅದರ ರೂಪ ಯಾವ ನಿಜವಾದ ಸಂಸ್ಕೃತಿಯಿಂದ, ಯಾವ ಕಾಲದಿಂದ ಬಂತು ಎಂಬ ಟಿಪ್ಪಣಿ ಇರಬೇಕು, ಮತ್ತು ಅದು ಸತ್ಯವಾಗಿರಬೇಕು. ಹಿಂದೆ ಯಾರೋ ಯಾವುದೋ ಜನಾಂಗದ ಪೂಜೆಯ ವಸ್ತುವನ್ನು ಅರಿಯದೆ ನಕಲು ಮಾಡಿ ಕಂಪನಿ ಮುಜುಗರಕ್ಕೆ ಒಳಗಾಗಿತ್ತಂತೆ. ಈ ಟಿಪ್ಪಣಿಗಾಗಿಯೇ ನನ್ನನ್ನು ಸಿಂಧನೂರಿನಿಂದ ಕರೆಸಿದ್ದರು. ನಾನು ನೌಕರಿಯ ಕಾಲವನ್ನೆಲ್ಲ ವೀರಗಲ್ಲುಗಳ ಮೇಲಿನ ಆಯುಧಗಳನ್ನು ಅಳೆದು, ಅವುಗಳ ಕಾಲ ಗುರುತಿಸುವುದರಲ್ಲಿ ಕಳೆದವಳು. ನಿವೃತ್ತಳಾದ ಮೇಲೆ ಆ ವಿದ್ಯೆಯನ್ನು ನನ್ನ ಮನೆಯವರಲ್ಲಿ ಒಬ್ಬರು ಬೇಕೆಂದು ಕೇಳಿದ್ದು ಅದೇ ಮೊದಲು. ಆ ಸಂತೋಷವನ್ನು ನಾನು ತೋರಿಸಿಕೊಳ್ಳಲಿಲ್ಲ.

ಅವಳು ಬರೆದ ಕತ್ತಿಗಳನ್ನು ಒಂದೊಂದಾಗಿ ನೋಡಿದೆವು. ಎಲ್ಫ್‌ಗಳು ಯಾರೂ ಕಾಣದ ಜನ. ಆದರೂ ಅವರ ಕತ್ತಿ ಹೇಗಿರಬೇಕೆಂಬುದರಲ್ಲಿ ಲೋಕದ ಚಿತ್ರಕಾರರೆಲ್ಲ ಹೆಚ್ಚುಕಡಿಮೆ ಒಮ್ಮತಕ್ಕೆ ಬಂದಿದ್ದಾರೆ. ಅಲಗು ತೆಳು, ನಡುವಿನಲ್ಲಿ ಎಲೆಯಂತೆ ಅಗಲ, ತುದಿಗೆ ಹೋಗುತ್ತ ತುಸು ಬಾಗು, ಹಿಡಿ ಎರಡು ಕೈಗೆ ಸಾಲುವಷ್ಟು ಉದ್ದ, ಮೈಮೇಲೆ ಬಳ್ಳಿ. ಈ ಒಂದೊಂದು ಅಂಗವೂ ಒಂದೊಂದು ದೇಶದ್ದು. ಎಲೆಯಾಕಾರದ ಅಲಗು ಯುರೋಪಿನ ಕಂಚಿನ ಯುಗದ ಕತ್ತಿಗಳಲ್ಲಿದೆ. ಅಲ್ಲಿ ಅದು ಅಂದಕ್ಕಾಗಿ ಇದ್ದದ್ದಲ್ಲ, ಕಡಿಯುವ ಕಡೆ ಭಾರ ನಿಲ್ಲಲೆಂದು ಇದ್ದದ್ದು. ಎಲೆಯ ನೆನಪು ಬಂದದ್ದು ಆಮೇಲಿನವರಿಗೆ, ಮತ್ತು ಎಲೆ ಎಂದ ಮೇಲೆ ಕಾಡಿನ ಜನಕ್ಕೆ ಅದು ಸಲ್ಲುವುದು ಸಹಜ. ಉದ್ದ ಹಿಡಿ, ಒಂದೇ ಕಡೆಯ ಹರಿತ, ಸೌಮ್ಯವಾದ ಬಾಗು ಜಪಾನಿನವು. ಆಗ್ನೇಯ ಯುರೋಪಿನ ಪ್ರಾಚೀನ ಥ್ರೇಸ್ ಪ್ರದೇಶದ ಯೋಧರಲ್ಲೂ ಉದ್ದ ಹಿಡಿಕೆಯ ಅಂಥ ಆಯುಧವಿತ್ತು. ಬಳ್ಳಿಯ ಅಲಂಕಾರ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಕಿಟಕಿ, ಕಂಬ, ದೀಪಗಳ ಮೇಲೆಲ್ಲ ಹಬ್ಬಿದ ಶೈಲಿ. ಅದಕ್ಕೂ ಜಪಾನಿನ ಚಿತ್ರಗಳ ಋಣವಿದೆ. ನಮ್ಮ ದೇಶವೂ ಈ ಪಂಕ್ತಿಯಲ್ಲಿ ಇಲ್ಲದಿಲ್ಲ. ಸೊಸನ್ ಪಟ್ಟಾ ಎಂಬ ನಮ್ಮ ಕತ್ತಿಗೆ ಲಿಲ್ಲಿ ಹೂವಿನ ಗಿಡದ ಎಲೆಯ ಹೆಸರೇ ಇದೆ, ಮತ್ತು ಅದರ ಅಲಗು ಎಲ್ಫ್ ಒಬ್ಬ ನಾಚದೆ ಹಿಡಿಯಬಹುದಾದಷ್ಟು ಸುಂದರ.

ಹೀಗೆ ಹೇಳುತ್ತ ನಾನು ತಿದ್ದುತ್ತಲೂ ಇದ್ದೆ. ಈ ಹಿಡಿಗೂ ಈ ಅಲಗಿಗೂ ನಡುವೆ ಸಾವಿರ ವರ್ಷಗಳ ಅಂತರ, ಈ ಬಳ್ಳಿ ಆ ಕಾಲದ್ದಲ್ಲ, ಎಂದು. ಅವಳು ಲೇಖನಿಯನ್ನು ಕೆಳಗಿಟ್ಟಳು.

"ಅತ್ತಿ, ತಪ್ಪು ಆಮ್ಯಾಲ ಹುಡುಕುವಂತಿ. ಮೊದ್ಲು ಚಂದ ಐತೋ ಇಲ್ಲೋ ಅದನ್ನ ಹೇಳು."

ಒಳಗಿನಿಂದ ಅಣ್ಣ, ನಮ್ಮವ್ವ ಇವಳ ತೊಟ್ಟಿಲು ಕಟ್ಟುವ ಮುಂಚೆ ಪಂಚಾಂಗವನ್ನು ಎರಡು ಸಲ ನೋಡಿದ್ದಳು, ಅದಕ್ಕೇ ಇವಳು ಹೀಗಾಗಿದ್ದಾಳೆ ಎಂದು ನನ್ನನ್ನು ಕುರಿತು ನಗಾಡಿದ. ಚೆಂದವಿತ್ತು. ಹಾಗೆಯೇ ಹೇಳಿದೆ.

ಎಲ್ಲಕ್ಕಿಂತ ಚೆಂದವಿದ್ದದ್ದು ಕೊನೆಯ ಕತ್ತಿ. ಅದರ ಬಾಗು ಜಪಾನಿನದಲ್ಲ, ಪರ್ಷಿಯಾದ್ದೂ ಅಲ್ಲ. ಹಿಡಿಯಿಂದ ತುದಿಯವರೆಗೆ ಎಲ್ಲೂ ಹೆಚ್ಚದೆ, ಎಲ್ಲೂ ತಗ್ಗದೆ, ಎಳೆದು ಬಿಟ್ಟ ಉಸಿರಿನಂತೆ ಸಮನಾಗಿ ಬಾಗಿತ್ತು. ಹಿಡಿಯ ಹತ್ತಿರ, ಅಲಗಿನ ನಡುವೆ ಒಂದು ದುಂಡನೆಯ ತೂತು. ಅದರೊಳಗೆ ಅವಳು ತಿಳಿನೀಲಿಯ ಹರಳೊಂದನ್ನು ಕೂರಿಸಿದ್ದಳು. ಇದು ಎಲ್ಲಿಂದ ಬಂತು ಎಂದು ಕೇಳಿದರೆ ಕೈ ತಾನಾಗಿಯೇ ಬರೆಯಿತು ಎಂದಳು. ಕೈ ತಾನಾಗಿ ಬರೆಯುವುದಿಲ್ಲ ಎಂಬುದು ನನ್ನ ಅನುಭವ. ಸಿಂಧನೂರಿಗೆ ಮರಳಿದ ಮೇಲೆ ಹಲವು ದಿನ ಆ ತೂತಿನ ಮೂಲವನ್ನು ಹುಡುಕಿದೆ. ಅಲಗಿನೊಳಗೆ ಉದ್ದ ತೋಡು ಕೊರೆದು ಉಕ್ಕಿನ ಗುಂಡುಗಳನ್ನು ಓಡಾಡಲು ಬಿಟ್ಟ ಪರ್ಷಿಯಾದ ಮತ್ತು ಭಾರತದ ಕತ್ತಿಗಳಿವೆ. ಅಲಗಿನ ಮೇಲೆ ನಕ್ಷತ್ರದಂತೆ ಹಿತ್ತಾಳೆಯ ಚುಕ್ಕಿ ಕೂರಿಸಿದ ಚೀನಾದ ಕತ್ತಿಗಳಿವೆ. ಹಿಡಿಯ ಬಳಿ ಒಂಟಿ ತೂತಿರುವ, ಈ ಬಾಗಿನ ಕತ್ತಿ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಸಿಕ್ಕಿದ್ದು ಮನೆಯ ಮದುವೆಯಲ್ಲಿ. ಅಣ್ಣನ ಹಿರಿಯ ಮಗಳ ಮದುವೆಯ ವಿಡಿಯೋವನ್ನು ಯಾವುದೋ ನೆಂಟರ ಗುರುತಿಗಾಗಿ ಫೋನಿನಲ್ಲಿ ನೋಡುತ್ತಿದ್ದೆ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಗೆ ಮುಂಚೆ ವೀರಭದ್ರನ ಗುಗ್ಗಳ ನಡೆಯುತ್ತದೆ. ಆ ದೇವರ ಸೇವೆಗೆ ನಿಂತ ಪುರವಂತರು ಖಡ್ಗ ಹಿಡಿದು ಮೆರವಣಿಗೆಯಲ್ಲಿ ಬರುತ್ತಾರೆ; ನಾಲ್ಕು ಹೆಜ್ಜೆಗೊಮ್ಮೆ ನಿಂತು, ಖಡ್ಗ ಝಳಪಿಸಿ, ದೇವರ ಕಥೆಯನ್ನು ಒಡಪುಗಳಾಗಿ ಗರ್ಜಿಸುತ್ತಾರೆ. ಅಂದು ಬಂದಿದ್ದ ಪುರವಂತ ಸಂತೆಕಲ್ಲೂರಿನವನು, ವಿದ್ಯುತ್ ಇಲಾಖೆಯ ನೌಕರ. ಅವನ ಕೈಯಲ್ಲಿದ್ದ ಖಡ್ಗದಲ್ಲಿ ಅದೇ ಬಾಗು, ಅದೇ ತೂತು. ವಿಡಿಯೋದ ಅಂಚಿನಲ್ಲಿ ನನ್ನ ಸೊಸೆ, ಈ ಚಿತ್ರಗಾರ್ತಿ, ಆರತಿ ತಟ್ಟೆ ಹಿಡಿದು ಖಡ್ಗವನ್ನೇ ನೋಡುತ್ತ ನಿಂತಿದ್ದಳು.

ವಿಡಿಯೋ ಕಳಿಸಿದ ಕೂಡಲೇ ಅವಳು ಫೋನ್ ಮಾಡಿ, ಕದ್ದೆನಲ್ಲ ಎಂದು ಅಳುವ ದನಿಯಲ್ಲಿ ಹೇಳಿದಳು. ಕಂಡದ್ದು ಮನಸ್ಸಿನಲ್ಲಿ ಕೂತು ಮತ್ತೊಂದಾಗಿ ಹೊರಬರುವುದಕ್ಕೆ ಕಳವು ಎನ್ನುವುದಿಲ್ಲ. ಆದರೆ ಎಲ್ಲಿ ಕಂಡೆ ಎಂಬುದು ಗೊತ್ತಾದ ಮೇಲೆ ಹೇಳದಿದ್ದರೆ ಆಗ ಕಳವು, ಎಂದೆ. ಟಿಪ್ಪಣಿಯನ್ನೂ ನಾನೇ ಕರಡು ಮಾಡಿದೆ: ತಲ್ವಾರ್ ಮಾದರಿಯ ಹಿಡಿ, ದಖ್ಖನಿನ ಕೆಲಸ, ಹದಿನೆಂಟನೆಯ ಶತಮಾನವಿರಬಹುದು. 'ಇರಬಹುದು' ಎಂಬ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಖಡ್ಗವನ್ನು ಕಣ್ಣಾರೆ ನೋಡಿ, ಆ ಮನೆಯವರ ಒಪ್ಪಿಗೆ ಕೇಳಿ ಬರುವುದೆಂದು ತೀರ್ಮಾನಿಸಿದೆವು. ಕಂಪನಿಗೆ ಚಿತ್ರ ಕಳಿಸುವ ಗಡುವು ಹತ್ತಿರ ಬಂದಿತ್ತು.

ನಾನು ಸಿಂಧನೂರಿನಿಂದ, ಅವಳು ಲಿಂಗಸುಗೂರಿನಿಂದ ಬಂದು ಮಸ್ಕಿಯಲ್ಲಿ ಕೂಡಿದೆವು. ಸಂತೆಕಲ್ಲೂರಿನ ಆಟೋ ತುಂಬುವವರೆಗೆ ಕಾಯಬೇಕಾಯಿತು. ಆಟೋ ನಿಂತಿದ್ದದ್ದು ಒಂದು ಲಾರಿ ಗ್ಯಾರೇಜಿನ ಮುಂದೆ. ಅಲ್ಲಿ ಗೋಡೆಗೆ ಒರಗಿಸಿದ ಕಮಾನು ಪಟ್ಟಿಗಳ ರಾಶಿಯಿತ್ತು, ಗಾಲಿಗಳ ಮೇಲೆ ಲಾರಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು. ಬೇರೇನೂ ನೋಡಲು ಇಲ್ಲದ್ದರಿಂದ ಅವನ್ನೇ ನೋಡುತ್ತ ಕುಳಿತೆ. ಪ್ರತಿ ಪಟ್ಟಿಯೂ ಎಲ್ಲೂ ಹೆಚ್ಚದೆ, ಎಲ್ಲೂ ತಗ್ಗದೆ ಸಮನಾಗಿ ಬಾಗಿತ್ತು. ಪ್ರತಿ ಪಟ್ಟಿಯ ನಡುವೆಯೂ, ಎಲ್ಲವನ್ನೂ ಸೇರಿಸಿ ಬೋಲ್ಟ್ ಹಾಕಲು, ಒಂದು ದುಂಡನೆಯ ತೂತು. ಅರ್ಧಕ್ಕೆ ಕತ್ತರಿಸಿದರೆ ಆ ತೂತು ಒಂದು ತುದಿಗೆ ಬರುತ್ತದೆ.

ಊಹೆಯನ್ನು ವಸ್ತುವಿನ ಮುಂದೆ ಇಡುವ ಮುಂಚೆ ಬಾಯಿಬಿಡಬಾರದು.

ಪುರವಂತನ ಮನೆಯಲ್ಲಿ ನಮ್ಮನ್ನು ನೆಂಟರಂತೆ ಕೂರಿಸಿದರು. ಮನೆಯಲ್ಲಿ ಅವನೂ ಅವನ ತಾಯಿಯೂ ಇದ್ದರು. ತಾಯಿ ನನಗಿಂತ ಹಿರಿಯರು, ಕಿವಿ ಚುರುಕು. ಖಡ್ಗವನ್ನು ಹೊರತೆಗೆಯಲು ಅಲ್ಲಿ ಒಂದು ಕ್ರಮವಿದೆ. ಅವನು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ದೇವರ ಜಗುಲಿಯ ಮೇಲಿಂದ ಖಡ್ಗ ತೆಗೆದು, ಒರೆಯಿಂದ ಎಳೆಯುವ ಮುಂಚೆ ಒಂದು ಒಡಪು ಹೇಳಿದ. ಮಾತಿಲ್ಲದೆ ಅದನ್ನು ಹೊರಗೆ ತೆಗೆಯುವಂತಿಲ್ಲ. ಮೆರವಣಿಗೆಯಲ್ಲಿ ಗರ್ಜಿಸುವ ದನಿಯನ್ನು ಆ ಸಣ್ಣ ಪಡಸಾಲೆಯಲ್ಲಿ ಮೆಲ್ಲಗೆ ಕೇಳಿದಾಗ ಅದರೊಳಗಿನ ಲಯ ಬೇರೆಯೇ ಆಗಿ ಕಂಡಿತು.

ಹಿಡಿ ಹಳೆಯದು, ಅದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಅಲಗನ್ನು ತಿರುಗಿಸಿ ತೂತಿನ ಒಳ ಅಂಚನ್ನು ನೋಡಿದೆ. ಯಂತ್ರ ಕೊರೆದ ಅಂಚು. ಈ ಮನೆಗೆ ನೋವಾಗದಂತೆ ಹೇಗೆ ಕೇಳುವುದೆಂದು ತೋಚದೆ, ಈ ಅಲಗು ಹಿಡಿಯಷ್ಟು ಹಳೆಯದಲ್ಲವೇನೋ ಎಂದಷ್ಟೇ ಹೇಳಿದೆ. ತಾಯಿ ನಕ್ಕರು.

"ಅದು ಲಾರೀದು ಯವ್ವಾ. ನಮ್ಮ ಮಾವ ಹಾಕಿಸ್ಯಾನ."

ಆಮೇಲೆ ವಿವರವಾಗಿ ಹೇಳಿದರು. ಹಳೆಯ ಅಲಗು ತುಕ್ಕು ತಿಂದು, ಒಂದು ಗುಗ್ಗಳದ ನಡುವೆಯೇ ಹಿಡಿಯ ಬುಡದಲ್ಲಿ ಮುರಿದಿತ್ತಂತೆ. ಅವರ ಮಾವ ಆಗ ಸಿಂಧನೂರಿನ ಕಡೆ ಕಾಲುವೆ ತೋಡುವ ಕೂಲಿಗೆ ಹೋಗುತ್ತಿದ್ದರು. ಅಲ್ಲಿ ಕೆಟ್ಟು ನಿಂತ ಲಾರಿಯೊಂದರ ಪಟ್ಟಿಯನ್ನು ಮೇಸ್ತ್ರಿಯಿಂದ ಬೇಡಿ ಪಡೆದು, ಹೆಗಲ ಮೇಲೆ ಹೊತ್ತು ತಂದು, ಮಸ್ಕಿಯ ಕಮ್ಮಾರನ ಕೈಯಲ್ಲಿ ಬಡಿಸಿ, ಹಳೆಯ ಹಿಡಿಗೆ ಕೂರಿಸಿದರು. ತೂತು ಮುಚ್ಚಿಕೊಡುತ್ತೇನೆಂದು ಕಮ್ಮಾರ ಹೇಳಿದರೂ ಅವರು ಬೇಡವೆಂದರಂತೆ. ಅದು ಭಾರ ಹೊತ್ತ ಗುರುತು, ಇರಲಿ ಎಂದು. ಹೀಗೆ ಅಲಗು ಬದಲಾಗುವುದು ಈ ಮನೆಗೆ ಹೊಸದಲ್ಲ. ಮುರಿದ ಅಲಗೂ ಮೊದಲಿನದಾಗಿರಲಿಲ್ಲ. ಖಡ್ಗ ಮಾತ್ರ ಅದೇ ಖಡ್ಗ.

ಅದು ಯಾವ ವರ್ಷ ಎಂದು ಕೇಳಿದೆ. ದೊಡ್ಡ ಮಗ ತೊಟ್ಟಿಲಲ್ಲಿದ್ದ ಎಂದರು ತಾಯಿ. ಆಗ ತನ್ನ ಅಣ್ಣ ಹುಟ್ಟಿಯೇ ಇರಲಿಲ್ಲ ಎಂದು ಪುರವಂತ ತಕರಾರು ತೆಗೆದ. ತೊಟ್ಟಿಲು ತೂಗಿದವಳು ನಾನೋ ನೀನೋ ಎಂದು ತಾಯಿ ಅವನ ಬಾಯಿ ಮುಚ್ಚಿಸಿದರು. ಕಾಲುವೆಯ ಕೆಲಸವೂ ಒಂದೇ ವರ್ಷದಲ್ಲಿ ಮುಗಿದದ್ದಲ್ಲ. ನಾನು ಬರೆದುಕೊಳ್ಳದೆ ಕೈಕಟ್ಟಿ ಕುಳಿತೆ.

ಬಂದ ಕಾರಣವನ್ನು ನನ್ನ ಸೊಸೆಯೇ ಹೇಳಿದಳು. ಚಿತ್ರವನ್ನು ಫೋನಿನಲ್ಲಿ ತೋರಿಸಿ, ಇದು ಆಟದಲ್ಲಿ ಬರುತ್ತದೆ, ನೀವು ಒಪ್ಪಿದರೆ ಮಾತ್ರ ಎಂದಳು. ಚೂಪು ಕಿವಿಯವರನ್ನು ನೋಡಿ ತಾಯಿಗೆ ಬಹಳ ನಗು ಬಂತು. ನಮ್ಮ ಖಡ್ಗಕ್ಕೆ ಎಂಥೆಂಥವರು ಪುರವಂತರಾದರು ನೋಡು ಎಂದು ಮಗನನ್ನು ಛೇಡಿಸಿದರು. ಪುರವಂತ ನಗಲಿಲ್ಲ. ಆ ಆಟದಲ್ಲಿ ಕತ್ತಿಯಿಂದ ಏನು ಮಾಡುತ್ತಾರೆ ಎಂದು ಕೇಳಿದ. ಕಡಿಯುತ್ತಾರೆ ಎಂದು ಅವಳು ಸುಳ್ಳಿಲ್ಲದೆ ಹೇಳಿದಳು. ಅವನು ಖಡ್ಗವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಇದು ಮಾತಿನ ಖಡ್ಗ ತಂಗಿ, ಒಡಪು ಹೇಳಾಕ ಹಿಡಿಯೂದು. ನಮ್ಮ ಮನ್ಯಾಗ ಇದರಲೆ ನಿಂಬಿಹಣ್ಣು ಸೈತ ಕೊಯ್ದಿಲ್ಲ, ಅದಕ್ಕ ಬ್ಯಾರೆ ಚಾಕು ಐತಿ. ನೀ ಬೇಕಾದಂಗ ಬರಿ. ಆದ್ರ ಇದರಲೆ ಯಾರನ್ನೂ ಕಡಿಸಬ್ಯಾಡ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಅವಳ ಕೆಲಸದ ಬಗ್ಗೆ ಕೇಳಿ, ಆಗಲಿ ಎಂದು ಹಾರೈಸಿಯೇ ಕಳಿಸಿದರು. ತಾಯಿ ಅವಳ ಚೀಲಕ್ಕೆ ಶೇಂಗಾ ತುಂಬಿದರು.

ಲಿಂಗಸುಗೂರಿಗೆ ಮರಳಿದ ಮೇಲೆ ಅಣ್ಣನ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಅಣ್ಣನದು ಲೋಕದ ಲೆಕ್ಕ: ಬಾಗನ್ನು ತುಸು ತಿದ್ದು, ತೂತಿನಲ್ಲಿ ಹರಳು ಹೇಗೂ ಇದೆ, ಹದಿನೆಂಟನೆಯ ಶತಮಾನದ ದಖ್ಖನಿ ಕತ್ತಿ ಎಂದು ನಿನ್ನ ಅತ್ತೆ ಬರೆದ ಟಿಪ್ಪಣಿಯೂ ಸಿದ್ಧವಿದೆ, ಸಂತೆಕಲ್ಲೂರಿನವರು ಆ ಆಟ ಆಡಲು ಬರುತ್ತಾರೆಯೇ? ಮಗಳ ಮೇಲಿನ ಅಕ್ಕರೆಯಿಂದಲೇ ಅವನು ಹಾಗೆ ಹೇಳಿದ್ದು. ಅವಳು ನನ್ನ ಕಡೆ ನೋಡಿದಳು. ಆ ಕತ್ತಿಯೇ ಅವಳ ಇಡೀ ಕೆಲಸದ ಜೀವ, ಅದನ್ನು ಕೈಬಿಟ್ಟರೆ ಉಳಿದವು ಎಲ್ಲರೂ ಬರೆಯುವಂಥ ಕತ್ತಿಗಳೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಕಡಿಯದ ಕತ್ತಿಯನ್ನು ಆಟದ ಕಂಪನಿ ಒಪ್ಪುವುದು ಕಷ್ಟ ಎಂಬುದೂ ಗೊತ್ತಿತ್ತು. ನಾನು ನನ್ನ ಕರಡನ್ನು ಅಳಿಸಬಲ್ಲೆ. ಅವಳ ಪರವಾಗಿ ತೀರ್ಮಾನ ಮಾಡಲಾರೆ. ಅದನ್ನೇ ಹೇಳಿದೆ.

ಅವಳು ತಾನು ಚಿತ್ರ ಬರೆಯುವ ಟ್ಯಾಬ್ಲೆಟ್‌ನ ಮುಂದೆ ಹೋಗಿ ಕುಳಿತಳು. ಆಮೇಲೆ ನಾನು ನೋಡುತ್ತಿರುವಂತೆಯೇ ತಿಳಿನೀಲಿಯ ಹರಳನ್ನು ತೆಗೆದು ತೂತನ್ನು ಬರಿದಾಗಿ ಬಿಟ್ಟಳು. ಚಿತ್ರದಲ್ಲಿ ಆ ಕತ್ತಿ ಹಿಡಿದಿದ್ದ ಎಲ್ಫ್ ಯೋಧನನ್ನು ಅಳಿಸಿದಳು. ಅವನ ಜಾಗದಲ್ಲಿ ವಯಸ್ಸಾದ ಒಬ್ಬ ಎಲ್ಫ್ ಹೆಂಗಸನ್ನು, ಬಾಯಿ ತೆರೆದು ಏನನ್ನೋ ಹೇಳುತ್ತಿರುವಂತೆ, ಬರೆದಳು. ಅವಳ ಮುಖದಲ್ಲಿ ಸಂತೆಕಲ್ಲೂರಿನ ಆ ತಾಯಿಯ ನಗೆ ತುಸು ಇತ್ತು.

ಟಿಪ್ಪಣಿಯನ್ನು ಇಬ್ಬರೂ ಕೂಡಿ ಹೊಸದಾಗಿ ಬರೆದೆವು. ಹಿಡಿ: ದಖ್ಖನಿನ ಹಳೆಯ ಕೆಲಸ. ಅಲಗು: ಲಾರಿಯ ಕಮಾನು ಪಟ್ಟಿ, ಮಸ್ಕಿಯಲ್ಲಿ ಬಡಿದದ್ದು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸದ ಕಾಲ, ವರ್ಷ ಖಚಿತವಿಲ್ಲ. ಬಳಕೆ: ಕಥೆ ಹೇಳಲು. ಷರತ್ತು: ಇದರಿಂದ ಯಾರನ್ನೂ ಕಡಿಯುವಂತಿಲ್ಲ. 'ವರ್ಷ ಖಚಿತವಿಲ್ಲ' ಎಂಬುದನ್ನು ನಾನೇ ಹೇಳಿ ಬರೆಸಿದ್ದನ್ನು ಅವಳು ಮನೆಯವರಿಗೆಲ್ಲ ಕೂಗಿ ಹೇಳಿದಳು.

ಕಂಪನಿಯವರು ಕರೆ ಮಾಡಿದ ದಿನ ನಾನು ಅಲ್ಲೇ ಇದ್ದೆ. ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಪರದೆಯ ಮೇಲಿದ್ದ ಹಿರಿಯ ಅಧಿಕಾರಿ, ಒಬ್ಬ ಹೆಂಗಸು, ಉಳಿದ ಕತ್ತಿಗಳನ್ನು ಬೇಗ ಬೇಗ ದಾಟಿ ಇದರ ಮುಂದೆ ನಿಂತರು. ಕೊಲ್ಲದ ಕತ್ತಿಯಿಂದ ಆಟಗಾರನಿಗೆ ಏನು ಪ್ರಯೋಜನ ಎಂದು ಕೇಳಿದರು. ಈ ಕತ್ತಿಯನ್ನು ಹೊರತೆಗೆಯಬೇಕಾದರೆ ಮೊದಲು ಮಾತಾಡಬೇಕು ಎಂದಳು ನನ್ನ ಸೊಸೆ. ಇದನ್ನು ಹಿಡಿದವಳು ಕಥೆ ಹೇಳತೊಡಗಿದರೆ, ಅದು ಮುಗಿಯುವವರೆಗೆ ರಣದಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವಂತಿಲ್ಲ. ಸೋಲುವ ಪಕ್ಷಕ್ಕೆ ಅಷ್ಟು ಹೊತ್ತು ಸಿಕ್ಕರೆ ಸಾಲದೇ?

ಆ ಕಡೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಆ ಅಧಿಕಾರಿ ತೂತನ್ನು ಮುಚ್ಚಬೇಡಿ ಎಂದರು. ಸೇರುವ ದಿನವನ್ನು ತಿಳಿಸುತ್ತೇವೆ ಎಂದೂ ಹೇಳಿದರು. ಕರೆ ಮುಗಿದ ಮೇಲೆ ಅಣ್ಣ ಹೊರಗೆ ಹೋಗಿ, ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಅದು ಅವನು ಸೋಲೊಪ್ಪುವ ಬಗೆ, ಸಂತೋಷಪಡುವ ಬಗೆಯೂ ಹೌದು.

ಸುದ್ದಿ ಹೇಳಲು ಮತ್ತೆ ಸಂತೆಕಲ್ಲೂರಿಗೆ ಹೋದೆವು. ಆಟದ ತುಣುಕೊಂದನ್ನು ಆಗಲೇ ಕಂಪನಿಯವರು ಮಾಡಿ ಕಳಿಸಿದ್ದರು. ಅದರಲ್ಲಿ ಮುದುಕಿ ಖಡ್ಗ ಎತ್ತುತ್ತಾಳೆ, ಅವಳ ಮಾತಿಗೆ ಎರಡೂ ಕಡೆಯ ದಂಡು ನಿಲ್ಲುತ್ತದೆ, ಅಲಗಿನ ತೂತಿನೊಳಗಿಂದ ಬೆಳಕು ಒಂದು ಚುಕ್ಕಿಯಾಗಿ ನೆಲಕ್ಕೆ ಬೀಳುತ್ತದೆ. ಪುರವಂತ ಅದನ್ನು ಮೂರ್ನಾಲ್ಕು ಸಲ ಹಾಕಿಸಿ ನೋಡಿದ. ಆಮೇಲೆ ಎದ್ದು, ಜಗುಲಿಯ ಮೇಲಿನ ವಿಭೂತಿ ತಂದು ಅವಳ ಹಣೆಗೆ ಹಚ್ಚಿದ. ತಾಯಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನಮ್ಮ ಮಾವ ಇದ್ದಿದ್ರ, ಆ ಲಾರಿ ಮೇಸ್ತ್ರಿಗೂ ತೋರಸ್ರಿ ಅಂತಿದ್ದ."

ಆ ಮೇಸ್ತ್ರಿ ಯಾರು, ಯಾವ ಊರಿನವನು ಎಂಬುದು ಯಾರಿಗೂ ನೆನಪಿಲ್ಲ. ವಿಚಾರಿಸಿದೆ, ಸಿಂಧನೂರಿನ ಹಳಬರನ್ನೂ ಕೇಳಿದೆ, ಸಿಗಲಿಲ್ಲ. ಕೆಟ್ಟ ಲಾರಿಯ ಪಟ್ಟಿಯೊಂದನ್ನು ಬೇಡಿದವನಿಗೆ ಇಲ್ಲವೆನ್ನದೆ ಕೊಟ್ಟ ಆ ಮನುಷ್ಯನಿಗೂ, ಭಾರ ಹೊತ್ತ ಗುರುತನ್ನು ಮುಚ್ಚಿಸದ ಆ ಹಿರಿಯರಿಗೂ ನಾನು ಋಣಿ. ಅವರ ಕೃಪೆಯಿಂದ ನನ್ನ ಸೊಸೆ ಈಗ ಬೆಳಿಗ್ಗೆ ಎದ್ದು ಮುಖಂಡರ ಮುಖ ನೋಡುವುದಿಲ್ಲ; ಕೆಲಸ ಮುಗಿದ ಮೇಲೆ ಮನೆಯಲ್ಲಿ ಎಲ್ಲರ ಜೊತೆ ಮಾತಾಡುತ್ತಾಳೆ.